ಮಗನ ಗೇಮ್ ಖಾತೆ ಹೋಗಿದೆ ಎಂದು ಕೇಳಿದ ಹೊಸನಗರದ ಸದಸ್ಯರಿಗೆ

ಪಿಯುಸಿ ಓದುವ ಮಗ ಫ್ರೀ ಫೈರ್ ಮ್ಯಾಕ್ಸ್ ಎಂಬ ಮೊಬೈಲ್ ಆಟದ ಉಚಿತ ಡೈಮಂಡ್ (ಆಟದೊಳಗಿನ ನಾಣ್ಯ) ಆಸೆಗೆ ಒಂದು ಲಿಂಕ್ ಒತ್ತಿ, ನಿಮ್ಮ ಫೋನಿನ ಜಿಮೇಲ್ ಪಾಸ್‌ವರ್ಡ್ ಹಾಕಿದ್ದಾನೆ, ಆಟದ ಖಾತೆ ಕೈತಪ್ಪಿದೆ, ಹೋದದ್ದು ಅಷ್ಟೇ ತಾನೆ ಎಂದು ಈ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಕೇಳಿದ್ದೀರಿ. ಅಷ್ಟೇ ಅಲ್ಲ. ಆ ಜಿಮೇಲ್‌ನಲ್ಲಿ ನೀವು ಉಳಿಸಿಟ್ಟ ಬೇರೆ ಪಾಸ್‌ವರ್ಡ್‌ಗಳೂ ಇರಬಹುದು, ಮತ್ತು ಮಂಡಿಯ ಹಣ ಜಮೆಯಾಗುವ ಬ್ಯಾಂಕ್ ಖಾತೆಗೂ ಅದೇ ಇಮೇಲ್ ಜೋಡಣೆಯಾಗಿರಬಹುದು.

ಆದ್ದರಿಂದ ಇಂದೇ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಭದ್ರತೆ ವಿಭಾಗದ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ ಫೋನ್ ಕಂಡರೆ ಸೈನ್ ಔಟ್ ಮಾಡಿ, ರಿಕವರಿ ಮೊಬೈಲ್ ಸಂಖ್ಯೆ ನಿಮ್ಮದೇ ಇದೆಯೇ ಎಂದು ನೋಡಿ, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ. ಇದಕ್ಕೂ ಮೊದಲು, ಲಿಂಕ್‌ನಿಂದ ಯಾವುದಾದರೂ ಎಪಿಕೆ (ಪ್ಲೇ ಸ್ಟೋರ್ ಹೊರಗಿನಿಂದಲೂ ಹಾಕಿಕೊಳ್ಳಬಹುದಾದ ಆ್ಯಪ್ ಫೈಲ್) ಇಳಿಸಿಕೊಂಡಿದ್ದನೇ ಎಂದು ಮಗನನ್ನು ಕೇಳಿ. ಇಳಿಸಿದ್ದರೆ ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಯನ್ನೇ ಕದಿಯಬಲ್ಲದು. ಆಗ ಡೇಟಾ ಆಫ್ ಮಾಡಿ, ಮೇಲಿನ ಕೆಲಸವನ್ನೆಲ್ಲ ಬೇರೆ ಫೋನಿನಿಂದ ಮಾಡಿ, ಬ್ಯಾಂಕಿಗೂ ಅದರಿಂದಲೇ ತಿಳಿಸಿ.

ದಯವಿಟ್ಟು ಹುಡುಗನನ್ನು ಗದರಬೇಡಿ. ನಮ್ಮ ಅಣ್ಣನ ಮಗ ಇದೇ ರೀತಿ ಮೋಸಹೋದಾಗ ಮನೆಯಲ್ಲಿ ಕೊನೆಕೊಯ್ಲಿನ ಗಡಿಬಿಡಿಯಿತ್ತು. ಬೈಗುಳಕ್ಕೆ ಹೆದರಿ ಮೂರು ದಿನ ಬಾಯಿ ಬಿಡಲಿಲ್ಲ. ಆ ಮೂರು ದಿನಗಳಲ್ಲಿ ಕಳ್ಳರು ಅವನ ಹೆಸರಿನಲ್ಲಿಯೇ ಅವನ ತಂಡದ ಗೆಳೆಯರಿಗೆಲ್ಲ ಅದೇ ಲಿಂಕ್ ಕಳಿಸಿದ್ದರು. ಅಪರಿಚಿತರಿಂದ ಬಂದಿದ್ದರೆ ಆ ಮಕ್ಕಳು ಒತ್ತುತ್ತಿರಲಿಲ್ಲ. ದಿನವೂ ಜೊತೆಗೆ ಆಡುವ ಗೆಳೆಯನಿಂದ ಬಂದದ್ದಕ್ಕೇ ನಂಬಿದರು. ನಿಮ್ಮ ಮಗನೂ ಈಗಲೇ ಗೆಳೆಯರಿಗೆ ಫೋನ್ ಮಾಡಿ ಎಚ್ಚರಿಸಲಿ.

ಅಣ್ಣನ ಮಗನಿಗೆ ಬಂದ ಲಿಂಕ್ ಒತ್ತಿದಾಗ ತೆರೆಯುವ ಪುಟವನ್ನು ನಾನೇ ನೋಡಿದ್ದೆ. ಬಣ್ಣ, ಲಾಂಛನ ಎಲ್ಲವೂ ಅಸಲಿಯಂತೆಯೇ ಇದ್ದವು, ವಿಳಾಸದಲ್ಲಿ ಮಾತ್ರ ಆಟದ ಕಂಪನಿಯ ಹೆಸರಿಗೆ ಒಂದು 'ಎನ್' ಹೆಚ್ಚಾಗಿತ್ತು. ಫೋನಿನಲ್ಲಿ ಆಗಲೇ ಗೂಗಲ್ ಲಾಗಿನ್ ಇದ್ದರೆ ಅಸಲಿ ಪುಟ ಸಾಮಾನ್ಯವಾಗಿ ಯಾವ ಖಾತೆ ಎಂದು ಕೇಳುತ್ತದೆಯೇ ಹೊರತು ಪಾಸ್‌ವರ್ಡ್ ಕೇಳುವುದಿಲ್ಲ; ಕೇಳಿತೆಂದರೆ ಅಲ್ಲಿಗೇ ನಿಲ್ಲಿಸಬೇಕೆಂದು ಮಕ್ಕಳಿಗೆ ತೋರಿಸಿಕೊಡಿ. ಬಹುಮಾನದ ಹಣ ಪಡೆಯಲು ಯುಪಿಐ ಪಿನ್ ಹಾಕಿ ಎಂದರೆ ಅದು ಖಚಿತವಾಗಿ ಮೋಸ, ಏಕೆಂದರೆ ಹಣ ಪಡೆಯಲು ಪಿನ್ ಬೇಕಿಲ್ಲ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ಬಂದ ಸಂದೇಶವನ್ನು ಅಳಿಸಬೇಡಿ, ಅದೇ ಸಾಕ್ಷಿ.

ಇನ್ನು ಆಟದ ಖಾತೆ. ಹಣ ಕೊಟ್ಟರೆ ವಾಪಸ್ ಕೊಡಿಸುತ್ತೇವೆ ಎಂದು ಟೆಲಿಗ್ರಾಮ್‌ನಲ್ಲಿ ಬರುವವರನ್ನು ನಂಬದೆ, ಆಟದ ಕಂಪನಿಯ ಅಧಿಕೃತ ಸಹಾಯ ವಿಭಾಗಕ್ಕೇ ಬರೆಯಿರಿ. ಮಗ ಹಿಂದೆ ಡೈಮಂಡ್ ಖರೀದಿಸಿದ್ದರೆ ಪ್ಲೇ ಸ್ಟೋರ್‌ನಿಂದ ಬಂದ ರಸೀದಿ ಮೇಲ್‌ನಲ್ಲಿ 'ಜಿಪಿಎ' ಎಂದು ಆರಂಭವಾಗುವ ಆರ್ಡರ್ ಸಂಖ್ಯೆ ಇರುತ್ತದೆ. ಖಾತೆ ಅವನದೇ ಎಂದು ತೋರಿಸಲು ಅದನ್ನೂ ಪತ್ರದ ಜೊತೆಗೆ ಕಳಿಸಿ.