ಕನ್ನಡದ ‘ನೀ’, ಚೀನೀ ಭಾಷೆಯ ‘ನೀ’: ಎರಡೂ ಒಂದೇನಾ?

ಉಚ್ಚಾರ ಒಂದೇ, ಅರ್ಥ ಒಂದೇ, ಹಾಗಾದರೆ ಮೂಲವೂ ಒಂದೇ ಅಲ್ವಾ, ಲೇಖನಕ್ಕೆ ಇನ್ಯಾವ ಭಾಷೆ ಸೇರಿಸಲಿ ಎಂದು ಕೇಳಿದ್ದೀರಿ. ಓದಿ ನಗು ಬಂತು. ನೀವು ಬರೆಯಹೊರಟ ಲೇಖನವನ್ನು ನಾನು ಆಗಲೇ ಬರೆದು ಕೈ ಸುಟ್ಟುಕೊಂಡಿದ್ದೇನೆ.

ಆಗ ಸ್ಟಾಕ್‌ಹೋಮ್‌ನಲ್ಲಿ ಕೆಲಸ. ಸ್ವೀಡಿಷ್ ತರಗತಿಯ ಮೊದಲ ವಾರವೇ ‘ನೀ’ ಎಂದರೆ ‘ನೀವು’ ಎಂದು ಹೇಳಿಕೊಟ್ಟರು. ಪಕ್ಕದಲ್ಲಿದ್ದ ಚೀನಾದ ಹುಡುಗಿ “ನಮ್ಮಲ್ಲೂ ನೀ” ಎಂದಳು. ಅಷ್ಟೇ, ತಲೆಗೆ ಹುಳ ಹೊಕ್ಕಿತು. ಕೊರಿಯಾದವರೂ ಮಾತಿನಲ್ಲಿ ‘ನೀ’ ಅನ್ನುತ್ತಾರೆ. ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಯಲ್ಲೂ ‘ನಿ’ ಅಂದರೆ ನೀನು. ಪಟ್ಟಿ ಬೆಳೆಯಿತು. ಬಾಸ್ಕ್ ಭಾಷೆಯಲ್ಲಿ ಅದೇ ‘ನಿ’ಗೆ ‘ನಾನು’ ಎಂಬ ಅರ್ಥ, ಡೇನಿಷ್‌ನಲ್ಲಿ ಒಂಬತ್ತು, ಜಪಾನಿಯಲ್ಲಿ ಎರಡು. ಅವನ್ನು ಸುಮ್ನೆ ಕೈಬಿಟ್ಟೆ. ಲೆಕ್ಕಕ್ಕೆ ಬಾರದ್ದು ಯಾಕೆ ಬೇಕು!

ಲೇಖನ ಅಲ್ಲಿನ ಕನ್ನಡಿಗರ ರಾಜ್ಯೋತ್ಸವ ಸಂಚಿಕೆಯಲ್ಲಿ ಅಚ್ಚಾಯಿತು. 120 ಪ್ರತಿ. ಬಿಡುಗಡೆಗೆ ಎರಡು ದಿನ ಇತ್ತು. ಮೇಲಿನ ಮನೆಯ ಅಜ್ಜಿ ಹಿಂದೆ ಟೀಚರ್ ಆಗಿದ್ದವರು, ಅವರಿಗೆ ಹೆಮ್ಮೆಯಿಂದ ವಿಷಯ ಹೇಳಿದೆ. ಅವರು ಮಾತಾಡದೆ ಒಳಗೆ ಹೋಗಿ 1917ರ ಅನುವಾದದ ಬೈಬಲ್ ತಂದು ಮತ್ತಾಯನ ಐದನೇ ಅಧ್ಯಾಯದ ಮೇಲೆ ಬೆರಳಿಟ್ಟರು. ‘ಈ ಆ್ಯರೆನ್ ಯೂರ್ಡೆನ್ಸ್ ಸಾಲ್ಟ್.’ ನೀವು ಭೂಮಿಗೆ ಉಪ್ಪು.

“ನೀ ಎಲ್ಲಿ?” ಅಂದೆ.

“ಇದೇ. ಈ.”

ಸ್ವೀಡಿಷ್‌ನಲ್ಲಿ ‘ನೀವು’ ಎನ್ನಲು ಹಳೆಯ ಪದ ಬರೀ ‘ಈ’. ಅದರ ಜತೆ ಬರುವ ಕ್ರಿಯಾಪದದ ಕೊನೆಗೆ ‘ನ್’ ಇರುತ್ತಿತ್ತು. ಪ್ರಶ್ನೆ ಕೇಳುವಾಗ ಕ್ರಿಯಾಪದ ಮೊದಲು ಬರುತ್ತದೆ: ‘ಆ್ಯರೆನ್ ಈ?’ ಜೋರಾಗಿ ಹೇಳಿ ನೋಡಿ, ‘ಆ್ಯರೆ ನೀ’ ಎಂದೇ ಕೇಳಿಸುತ್ತದೆ. ಜನ ಹಾಗೇ ಕೇಳಿಸಿಕೊಂಡರು, ‘ನೀ’ ಹುಟ್ಟಿತು. ನನ್ನ ಇಡೀ ಲೇಖನ ನಿಂತಿದ್ದ ಆ ‘ನ’ ಪಕ್ಕದ ಪದದಿಂದ ಹಾರಿಸಿದ ಮಾಲು!

ನನ್ನ ತಪ್ಪು ಇಷ್ಟೇ, ಆದರೆ ಬಿಡಿಸಿ ಹೇಳಲೇಬೇಕು. ನಾನು ಎಲ್ಲ ಭಾಷೆಗಳ ಇವತ್ತಿನ ಪದವನ್ನು ಮಾತ್ರ ಪಕ್ಕಪಕ್ಕ ಇಟ್ಟೆ. ಮೊಬೈಲಿನಲ್ಲಿ ಉಚ್ಚಾರ ಕೇಳಿದೆ, ಹೊಂದಿತು, ಬರೆದುಕೊಂಡೆ. ಮುನ್ನೂರು ವರ್ಷದ ಹಿಂದೆ ಇದು ಹೇಗಿತ್ತು, ಸಾವಿರ ವರ್ಷದ ಹಿಂದೆ ಹೇಗಿತ್ತು ಎಂಬ ಇನ್ನೊಂದು ಸಾಲು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಇದ್ದಿದ್ದರೆ ಚೀನೀ ‘ನೀ’ಯೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕನ್ಫ್ಯೂಷಿಯಸ್ಸನ ಮಾತುಗಳಲ್ಲಿ ‘ನೀನು’ ಎನ್ನುವುದಕ್ಕೆ ಇರುವ ಅಕ್ಷರಗಳೇ ಬೇರೆ, ಇವತ್ತು ಅವನ್ನು ‘ಅರ್’, ‘ರೂ’ ಎಂದು ಓದುತ್ತಾರೆ. ಈಗಿನ ‘ನೀ’ ಬಂದಿರುವುದು ಆ ‘ಅರ್’ ಅಕ್ಷರದ ಪದದಿಂದ. ಇವತ್ತಿನ ಹೋಲಿಕೆಯನ್ನೇ ನಂಬಿದರೆ ಇನ್ನೂ ಮಜಾ ಇದೆ: ಚೀನಾದವರು ಗೌರವದಿಂದ ‘ನೀವು’ ಎನ್ನಲು ‘ನಿನ್’ ಅನ್ನುತ್ತಾರೆ, ನಮ್ಮ ಹಳಗನ್ನಡದಲ್ಲಿ ‘ನೀನ್’ ಎಂದರೆ ಬರೀ ನೀನು. ಇದನ್ನೂ ಜೋಡಿಸ್ತೀರಾ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಯಾವ ಭಾಷೆ ಸೇರಿಸಲಿ ಎಂದಲ್ಲ, ಚೀನಾವನ್ನೇ ಬಿಡಿ. 1905ರಲ್ಲೇ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕ ಬರೆದರು. ಕೊರಿಯನ್ನರು ನಮ್ಮ ನೆಂಟರು ಎಂದು ಭಾಷಾ ವಿದ್ವಾಂಸರು ಇವತ್ತಿಗೂ ಒಪ್ಪಿಲ್ಲ. ನಿಜವಾದ ನೆಂಟರು ಹತ್ತಿರದಲ್ಲೇ ಇದ್ದಾರೆ. ತಮಿಳಿನ ‘ನೀ’, ತೆಲುಗಿನ ‘ನೀವು’, ಬಲೂಚಿಸ್ತಾನದ ಬ್ರಾಹುಯಿಯ ‘ನೀ’. ತುಳುವಿನಲ್ಲಂತೂ ‘ನೀನು’ ಎಂದರೆ ಬರೀ ‘ಈ’. ‘ಈ ಏರ್?’ ಅಂದರೆ ನೀನು ಯಾರು. ‘ನ’ ಕಳೆದುಕೊಂಡು ಕೂತಿರುವ ಸ್ವಂತ ತಂಗಿ ಅದು, ನನ್ನ ಪಟ್ಟಿಯಲ್ಲಿ ಇರಲಿಲ್ಲ. (ಅಜ್ಜಿಯ ‘ಈ’ ನೋಡಿದಾಗ ಅದನ್ನು ತುಳುವಿಗೆ ಜೋಡಿಸೋಣ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಚಟ ಅಷ್ಟು ಬೇಗ ಬಿಡಲ್ಲ.)

ಆ ಎರಡು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ 120 ಪ್ರತಿಗೂ ಕೂತು ನನ್ನ ಪುಟದ ಮೇಲೆ ಬಿಳಿ ಹಾಳೆ ಅಂಟಿಸಿದೆ. ಒಂದು ಪ್ರತಿ ಇನ್ನೂ ಇದೆ, ಬೇಕಿದ್ದರೆ ಕಳಿಸುತ್ತೇನೆ. ಅಂಟು ಒಣಗಿದೆ, ಅಡಿಯಲ್ಲಿರುವುದನ್ನೂ ಓದಬಹುದು.