ಡಾಸ್ ಕಂಪ್ಯೂಟರ್‌ನಲ್ಲಿ ಎಫ್‌ಟಿಪಿ ಇಷ್ಟು ನಿಧಾನ ಯಾಕೆ?

ಪ್ರಶ್ನೆ: ಶಿರಸಿಯಲ್ಲಿ ನಮ್ಮ ಅಡಿಕೆ ಮಂಡಿಯ ಹಳೇ 386 ಕಂಪ್ಯೂಟರ್‌ನಲ್ಲಿ ಡಾಸ್, ಎಂಟಿಸಿಪಿ (ಡಾಸ್‌ಗೆ ನೆಟ್‌ವರ್ಕ್ ಸೌಲಭ್ಯ ಕೊಡುವ ತಂತ್ರಾಂಶ) ಇವೆ. ಲೆಕ್ಕದ ಫೈಲು ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲು ಕಳಿಸುವ ವಿಧಾನ) ಮೂಲಕ ಪಕ್ಕದ ಕಂಪ್ಯೂಟರ್‌ಗೆ ಹೋಗಲು ಯುಗ ಹಿಡಿಯುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಎಂಟಿಯು ನೋಡಿ, ಅಂದರೆ ಒಂದು ಪ್ಯಾಕೆಟ್‌ನ (ಒಮ್ಮೆಗೆ ಕಳಿಸುವ ಡೇಟಾ ತುಂಡಿನ) ಗರಿಷ್ಠ ಗಾತ್ರ. ನೀವೇನೂ ಹೇಳದಿದ್ದರೆ ಎಂಟಿಸಿಪಿ 576 ಬೈಟ್ ಅಂತಲೇ ಹಿಡಿಯುತ್ತದೆ. ಅದರಲ್ಲಿ ತಲೆಬರಹಕ್ಕೇ (ವಿಳಾಸ ಮುಂತಾದ ವಿವರಕ್ಕೆ) 40 ಬೈಟ್ ಹೋಗಿ, ಫೈಲಿಗೆ ಉಳಿಯುವುದು 536. ಈಥರ್ನೆಟ್‌ಗೆ 1500 ಸರಿಯಾದ ಅಳತೆ. ಆಗ ಒಂದೊಂದು ಪ್ಯಾಕೆಟ್‌ನಲ್ಲೂ 1460 ಬೈಟ್ ಸಾಗುತ್ತದೆ. ಪ್ಯಾಕೆಟ್ ಕಡಿಮೆಯಾದಷ್ಟೂ ಪಾಪದ 386ಕ್ಕೆ ಕೆಲಸ ಕಡಿಮೆ, ಅಲ್ವಾ?

ಡಾಸ್‌ನಲ್ಲಿ ಸುಮ್ನೆ 'ಸೆಟ್' (SET) ಅಂತ ಹೊಡೆಯಿರಿ. 'ಎಂಟಿಸಿಪಿಸಿಎಫ್‌ಜಿ' (MTCPCFG) ಎದುರಿಗೆ ಕಾನ್ಫಿಗ್ ಫೈಲಿನ ಹೆಸರಿರುತ್ತದೆ. ಅದನ್ನು ತೆರೆದು 'ಎಂಟಿಯು 1500' (MTU 1500) ಸಾಲು ಸೇರಿಸಿ. ಇಂಟರ್ನೆಟ್‌ಗೂ ಹೋಗಬೇಕು, ಲೈನ್ ಪಿಪಿಪಿಒಇ (ಲಾಗಿನ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್ ಬಗೆ) ಎಂದಾದರೆ 1492 ಹಾಕಿ.

ಆಮೇಲೂ ತಡೆದು ತಡೆದು ಹೋದರೆ ಐಆರ್‌ಕ್ಯೂ (ಸಾಧನವೊಂದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತದ ಸಾಲು) ಜಗಳ ಇರಬಹುದು. ಎನ್‌ಇ2000 ನೆಟ್‌ವರ್ಕ್ ಕಾರ್ಡನ್ನು ಐಆರ್‌ಕ್ಯೂ 3ಕ್ಕೆ ಇಡುವುದು ಜಾಸ್ತಿ, ಕಾಮ್2 (ಎರಡನೇ ಸೀರಿಯಲ್ ಪೋರ್ಟ್) ಕೂಡ ಅಲ್ಲೇ ಕೂತಿರುತ್ತದೆ. ಕಾರ್ಡನ್ನು ಖಾಲಿ ಇರುವ ಬೇರೆ ಐಆರ್‌ಕ್ಯೂಗೆ, ಉದಾಹರಣೆಗೆ 10ಕ್ಕೆ, ಬದಲಿಸಿ. ಡಾಸ್ ಶುರುವಾದಾಗ ಓಡುವ ಆಟೋಎಕ್ಸೆಕ್ ಫೈಲಿನ ಪ್ಯಾಕೆಟ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸಾಲಿನಲ್ಲೂ ಅದನ್ನೇ ಕೊಡಿ. ನಮ್ಮ ಕಡೆ ಗುಡುಗು ಶುರುವಾದರೆ ಮಾತ್ರ ಮೊದಲು ಕೇಬಲ್ ಕಿತ್ತಿಡಿ. ಕಾರ್ಡ್ ಸುಟ್ಟರೆ ಕಷ್ಟ, ಇಂಥ ಹಳೇ ಐಎಸ್‌ಎ ಬಗೆಯ ಕಾರ್ಡ್ ಈಗ ಸುಲಭಕ್ಕೆ ಸಿಗುವುದಿಲ್ಲ.