ಗಂಟಲಲ್ಲಿ ಏನೋ ಓಡಾಡುತ್ತಿದೆ

ಪ್ರಶ್ನೆ: ಎರಡು ವಾರದ ಹಿಂದೆ ಚಾರಣದಲ್ಲಿ ನನ್ನ ತಮ್ಮ ಹಳ್ಳಕ್ಕೆ ಬಾಯಿಟ್ಟು ನೀರು ಕುಡಿದ. ಈಗ ದನಿ ಕಟ್ಟಿದೆ, ಕೆಮ್ಮಿದರೆ ರಕ್ತ ಬರುತ್ತೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಗಂಟಲಲ್ಲಿ ಏನೋ ಓಡಾಡುತ್ತಿದೆ ಅಂತಾನೆ. ಇದು ಭ್ರಮೆಯಾ ಡಾಕ್ಟ್ರೇ?

ಉತ್ತರ: ಭ್ರಮೆ ಅಂತ ಸುಮ್ನೆ ಬಿಡಬೇಡಿ. ಅದು ಜಿಗಣೆ ಇರಬಹುದು. ಇವತ್ತೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಹಳ್ಳದ ನೀರಿನ ವಿಷಯವನ್ನು ನೀವೇ ಮೊದಲು ಹೇಳಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ವೃತ್ತಿಗೆ ಹೊಸಬನಾಗಿದ್ದಾಗ ಒಬ್ಬ ಅಜ್ಜಿ ಇದೇ ದೂರು ಹೇಳಿಕೊಂಡು ಬಂದಿದ್ದರು. ರಕ್ತ ಕೆಮ್ಮುತ್ತಾರೆ ಅಂತ ಕ್ಷಯದ ಪರೀಕ್ಷೆಗಳನ್ನೇ ಮಾಡಿಸಿದೆ. ಯಾವ ನೀರು ಕುಡಿದಿರಿ ಅಂತ ಕೇಳಿದ್ದು ಮೂರನೇ ವಾರ. ಗಂಟಲೊಳಗೆ ದುರ್ಬೀನು (ಎಂಡೋಸ್ಕೋಪ್) ಇಳಿಸಿ ನೋಡಿದರೆ, ಧ್ವನಿತಂತುಗಳ ಕೆಳಗೆ ಕಪ್ಪಗೆ ಉಬ್ಬಿದ ಜಿಗಣೆ! ಅವರು ಮೊದಲ ದಿನವೇ ನಿಜ ಹೇಳಿದ್ದರು. ಆ ಬೇಸರ ನನಗೆ ಇನ್ನೂ ಇದೆ.

ನೀರಿನಲ್ಲಿ ಇರುವಾಗ ಮರಿ ಜಿಗಣೆ ದಾರದಷ್ಟು ಸಣ್ಣ, ಕಣ್ಣಿಗೆ ಬೀಳುವುದಿಲ್ಲ. ಒಳಗೆ ಕಚ್ಚಿಕೊಂಡು ರಕ್ತ ಹೀರುತ್ತಾ ದಪ್ಪಗಾಗುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ಪದಾರ್ಥಗಳಿವೆ. ಅದಕ್ಕೇ ಗಾಯ ಒಸರುತ್ತಲೇ ಇರುತ್ತದೆ. ಮೆತ್ತಗಿನ ಮೈಯಾದ್ದರಿಂದ ಎಕ್ಸ್‌ರೇಗೆ ಸಿಗುವುದಿಲ್ಲ. 1799ರಲ್ಲಿ ನೆಪೋಲಿಯನ್ನನ ಸೈನಿಕರೂ ಬಾಯಾರಿಕೆಯಿಂದ ಕೆಸರು ನೀರು ಕುಡಿದು ಇದೇ ಪಾಡು ಪಟ್ಟರು. ಸೇನೆಯ ವೈದ್ಯ ಲಾರ್ರೆ ಅದನ್ನು ಬರೆದಿಟ್ಟಿದ್ದಾರೆ.

ಉಸಿರುದಾರಿಗೆ ಜೀವಂತ ಮೀನು ಹೊಕ್ಕಿದ್ದೂ ಉಂಟು. ಎರಡೂ ಕೈಗೆ ಕೆಲಸವಿದ್ದಾಗ ಹಿಡಿದ ಮೀನನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರಲ್ವಾ, ಆಗ ಜಾರುತ್ತದೆ. ಅನಾಬಸ್ ಜಾತಿಯ ಮೀನಿನ ಮುಳ್ಳುಗಳು ಹಿಂದಕ್ಕೆ ಬಾಗಿರುತ್ತವೆ. ಎಳೆದಷ್ಟೂ ಚುಚ್ಚಿಕೊಳ್ಳುತ್ತವೆ. ಅಲ್ಲಿ ಕೈಗೆ ಸಿಗುವುದು ಕೆಲವೇ ನಿಮಿಷ. ಜಿಗಣೆ ಅಷ್ಟು ಅವಸರ ಮಾಡುವುದಿಲ್ಲ, ಆದರೆ ಉಬ್ಬಿ ದಾರಿ ಮುಚ್ಚಿದರೆ ಅದೂ ಜೀವ ತೆಗೆಯಬಲ್ಲದು.

ಮನೆಯಲ್ಲಿ ಉಪ್ಪುನೀರು, ವಿನೆಗರ್, ಹೊಗೆಸೊಪ್ಪು ಏನನ್ನೂ ಪ್ರಯೋಗಿಸಬೇಡಿ. ಹಿಡಿತ ಬಿಟ್ಟ ಜಿಗಣೆ ಇನ್ನೂ ಕೆಳಗೆ ಜಾರೀತು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು, ದುರ್ಬೀನಿನಲ್ಲಿ ನೋಡುತ್ತಾ ಚಿಮಟದಿಂದ ತೆಗೆಯುತ್ತಾರೆ. ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದು ತಾಗಿದರೆ ಜಿಗಣೆಯ ಹಿಡಿತ ಸಡಿಲವಾಗುತ್ತದೆ. ಆದರೂ ಮೈ ಲೋಳೆ, ಜಾರುತ್ತದೆ. ನಿಧಾನವಾಗಿ, ಇಡಿಯಾಗಿ ತೆಗೆಯಬೇಕು.

ಉಸಿರೆಳೆಯುವಾಗ ಕೀರಲು ಸದ್ದು ಬಂದರೆ, ಏದುಸಿರು ಬಂದರೆ ತುರ್ತು ಚಿಕಿತ್ಸೆಗೆ ನೇರ ಓಡಿ. ತೆಗೆದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಜಿಗಣೆ ಒಂದಕ್ಕಿಂತ ಜಾಸ್ತಿ ಇದ್ದರೂ ಇರಬಹುದು, ಮೂಗಿನ ಹಿಂಭಾಗವನ್ನೂ ನೋಡಲು ಕೇಳಿ.